ರಾಶಿಯೊಳಗಿನ ಕಾಳು

“ಸರ್, ರಕ್ತದಾಗ ಪ್ರತಿಕಾಯ ಕಾಣಲಿಲ್ಲಂದ್ರ ಮೈ ಆ ರೋಗಾನ ಮರೆತಂಗೇನ್ರಿ?” ಶಿರವಾಳದ ವಿದ್ಯಾರ್ಥಿಯೊಬ್ಬನ ಪ್ರಶ್ನೆ.

ಹಾಗೇನಿಲ್ಲ. ರೋಗವನ್ನು ನೆನಪಿಡುವ ಟಿ-ಕೋಶಗಳೂ ರಕ್ತದಲ್ಲಿವೆ. ಆದರೆ ಒಂದು ನಿರ್ದಿಷ್ಟ ವೈರಸ್ಸನ್ನು ಗುರುತಿಸುವಂಥವು ತೊಗರಿ ರಾಶಿಯಲ್ಲಿ ಬೆರೆತ ಒಂದೆರಡು ಕಡಲೆಕಾಳಿನಷ್ಟು ವಿರಳ. ವೈರಸ್ಸಿನ ತುಣುಕು ಹೊತ್ತ ಒಂದೇ ಅಣುವನ್ನು ಒಡ್ಡಿದರೆ ಅವುಗಳ ಹಿಡಿತ ಬೇಗ ಸಡಿಲುತ್ತದೆ. 1996ರಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಅಂಥ ನಾಲ್ಕು ಅಣುಗಳನ್ನು ಜೋಡಿಸಿ, ಹೊಳೆಯುವ ಬಣ್ಣ ಕೂಡಿಸಿದರು. ಹಿಡಿತ ಬಿಗಿಯಾಯಿತು. ಲೇಸರ್ ಬೆಳಕಿನೆದುರು ಒಂದೊಂದಾಗಿ ಹಾಯುವಾಗ ಆ ಕೋಶಗಳು ಮಿನುಗಿದವು, ಎಣಿಸಲು ಬಂತು.

2003ರಲ್ಲಿ ಸಾರ್ಸ್‌ನಿಂದ ಗುಣವಾದವರಲ್ಲಿ 17 ವರ್ಷಗಳ ಬಳಿಕವೂ, ಇನ್ನೊಂದು ವಿಧಾನದಿಂದ, ಇಂಥ ಕೋಶಗಳು ಪತ್ತೆಯಾದವು. ಕಾಣಲಿಲ್ಲ ಎಂದ ಮಾತ್ರಕ್ಕೆ ಮರೆತಿದೆ ಎನ್ನಲಾಗದು. ಹುಡುಕುವ ಬಗೆಯೂ ತಿಳಿದಿರಬೇಕು.