ಹೆಪ್ಪುಗಟ್ಟದ ನೀರು

ಹಾಲಿಗೆ ನೀರು ಬೆರೆಸುವವನನ್ನು ಲೋಕವು ನಿಂದಿಸುತ್ತದೆ. ಅದು ನ್ಯಾಯವೇ ಸರಿ. ಆದರೆ ಎಲ್ಲ ಬೆರಕೆಯೂ ವಂಚನೆಯಲ್ಲ. ಎರಡು ವಸ್ತುಗಳು ಬೇರೆಬೇರೆಯಾಗಿರುವಾಗ ಯಾವುದರಲ್ಲಿಯೂ ಕಾಣದ ಗುಣವು ಅವು ತಕ್ಕ ಪ್ರಮಾಣದಲ್ಲಿ ಕೂಡಿದಾಗ ಹುಟ್ಟುವುದುಂಟು. ಅಂತಹ ಒಂದು ಮಿಶ್ರಣವನ್ನು ಕುರಿತು ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇವೆ. ಅದು ಮೋಟಾರು ಗಾಡಿಯ ಇಂಜಿನನ್ನು ತಂಪಾಗಿರಿಸುವ ದ್ರವ. ಅಂಗಡಿಗಳಲ್ಲಿ ಅದಕ್ಕೆ ಕೂಲೆಂಟ್ ಎಂದು ಹೆಸರು.

ಬೆಂಗಳೂರು ಮೈಸೂರುಗಳ ಚಳಿಯನ್ನು ಮಾತ್ರ ಬಲ್ಲವರಿಗೆ ಈ ವಿಚಾರವು ಅನಾವಶ್ಯಕವೆಂದು ತೋರಬಹುದು. ಆದರೆ ನಮ್ಮ ನಾಡಿನ ಮಕ್ಕಳು ಇಂದು ಕೆನಡಾ ದೇಶದಲ್ಲಿಯೂ ಸಂಸಾರ ಹೂಡಿದ್ದಾರೆ. ಆ ದೇಶದ ನಡುವಣ ಬಯಲುಸೀಮೆಯಲ್ಲಿರುವ ವಿನಿಪೆಗ್ ನಗರದಲ್ಲಿ ಜನವರಿಯ ರಾತ್ರಿ ಉಷ್ಣಮಾಪಕವು ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೆ ಇಳಿಯುವುದು ಅಪೂರ್ವವಲ್ಲ. ಇನ್ನೂ ಉತ್ತರಕ್ಕೆ, ಯೂಕಾನ್ ಸೀಮೆಯ ಸ್ನ್ಯಾಗ್ ಎಂಬಲ್ಲಿ, 1947ನೆಯ ಇಸವಿ ಫೆಬ್ರವರಿ 3ರಂದು ಅದು ಸೊನ್ನೆಗಿಂತ ಸುಮಾರು 63 ಡಿಗ್ರಿ ಕೆಳಕ್ಕಿಳಿದಿತ್ತು. ಅಂತಹ ಸೀಮೆಯಲ್ಲಿ ಊರಾಚೆಯ ಹಾದಿಯಲ್ಲಿ ಗಾಡಿಯು ನಿಂತುಹೋದರೆ ಅದು ಬರಿಯ ತೊಂದರೆಯಲ್ಲ, ಪ್ರಾಣಕ್ಕೇ ಬರುವ ಸಂಗತಿ.

ಇಂಜಿನಿನೊಳಗೆ ಇಂಧನವು ಉರಿಯುವಾಗ ಹುಟ್ಟುವ ಬಿಸಿಯನ್ನು ಹೊತ್ತು ಹೊರಕ್ಕೆ ಸಾಗಿಸಲು ನೀರಿನಷ್ಟು ಸಮರ್ಥವಾದ ಸುಲಭದ್ರವ್ಯವು ಮತ್ತೊಂದಿಲ್ಲ. ಆದರೆ ನೀರಿಗೆ ಒಂದು ದೋಷವುಂಟು. ಹೆಪ್ಪುಗಟ್ಟುವಾಗ ಅದು ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ತುಂಬಿದ ಗಾಜಿನ ಸೀಸೆಯನ್ನು ಮಂಜುಪೆಟ್ಟಿಗೆಯಲ್ಲಿಟ್ಟು ಮರೆತರೆ ಅದು ಸೀಳುವುದನ್ನು ಗೃಹಿಣಿಯರು ಬಲ್ಲರು. ಎರಕದ ಕಬ್ಬಿಣವಾಗಲಿ ಅಲ್ಯುಮಿನಿಯಮ್ ಆಗಲಿ ಆ ಬಲಕ್ಕೆ ತಡೆಯದು. ಒಂದೇ ರಾತ್ರಿಯಲ್ಲಿ ಇಂಜಿನು ಸೀಳಿಹೋಗಬಹುದು.

ಆದುದರಿಂದ ಮೊದಲಿನ ಮೋಟಾರುಗಾರರು ನೀರಿಗೆ ಮದ್ಯಸಾರವನ್ನು ಬೆರೆಸುತ್ತಿದ್ದರು. ಅದು ಹೆಪ್ಪುಗಟ್ಟುವುದನ್ನು ತಡೆಯುತ್ತಿತ್ತಾದರೂ ಇಂಜಿನು ಕಾದೊಡನೆ ಆವಿಯಾಗಿ ಹಾರಿಹೋಗುತ್ತಿತ್ತು. 1920ರ ದಶಕದಿಂದೀಚೆಗೆ ಅದರ ಸ್ಥಾನಕ್ಕೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ಬಂದಿತು. ಇದು ಬಣ್ಣವಿಲ್ಲದ್ದು, ಪಾಕದಂತೆ ತುಸು ಮಂದವಾದದ್ದು, ಸುಲಭವಾಗಿ ಆವಿಯಾಗದ್ದು.

ಇಲ್ಲಿಯೇ ಅನೇಕರು ಎಡವುವುದು. ‘ಗ್ಲೈಕಾಲ್ ಚಳಿಗೆ ಮದ್ದಾದರೆ ನೀರೇಕೆ? ಅಪ್ಪಟ ಗ್ಲೈಕಾಲನ್ನೇ ತುಂಬಿದರೆ ಇನ್ನೂ ಲೇಸಲ್ಲವೆ?’ ಎಂದು ಅವರು ತರ್ಕಿಸುತ್ತಾರೆ. ಈ ತರ್ಕವು ಸಲ್ಲದು. ಅಪ್ಪಟ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಅಪ್ಪಟ ಗ್ಲೈಕಾಲಾದರೋ ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ. ಆದರೆ ಇವೆರಡನ್ನೂ ಸಮಭಾಗವಾಗಿ ಬೆರೆಸಿದರೆ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ, ಗ್ಲೈಕಾಲ್ 60 ಭಾಗ ನೀರು 40 ಭಾಗವಾದರೆ ಸುಮಾರು 52 ಡಿಗ್ರಿ ಕೆಳಗಿನವರೆಗೂ ಮಿಶ್ರಣವು ಹರಿಯುತ್ತಿರುತ್ತದೆ. ನೀರಿನ ಕಣಗಳು ಸಾಲುಗಟ್ಟಿ ಮಂಜಾಗಲು ಹೊರಟಾಗ ಗ್ಲೈಕಾಲಿನ ಕಣಗಳು ನಡುವೆ ನುಗ್ಗಿ ಸಾಲನ್ನು ಕೆಡಿಸುತ್ತವೆ. ಗ್ಲೈಕಾಲಿನ ಕಣಗಳು ಸಾಲುಗಟ್ಟಲು ಹೊರಟಾಗ ನೀರು ಅದೇ ಉಪಕಾರವನ್ನು ಮಾಡುತ್ತದೆ. ಗ್ಲೈಕಾಲ್ ನೂರಕ್ಕೆ 70 ಭಾಗವನ್ನು ಮೀರಿದರೆ ರಕ್ಷಣೆಯು ಹೆಚ್ಚುವುದರ ಬದಲು ಕುಗ್ಗುತ್ತದೆ. ಬಿಸಿಯನ್ನು ಹೊರುವ ಶಕ್ತಿಯೂ ಕಡಮೆಯಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನವು ದೊರೆಯದು.

ಪ್ರಮಾಣವನ್ನು ನಿಶ್ಚಯಿಸುವಾಗ ಉಷ್ಣಮಾಪಕದ ಅಂಕವನ್ನೇ ನಂಬತಕ್ಕದ್ದು. ಆ ದೇಶದ ಹವಾವರ್ತಮಾನದಲ್ಲಿ ಗಾಳಿಯ ಕೊರೆತವನ್ನು ಕೂಡಿಸಿದ ಬೇರೊಂದು ಅಂಕವನ್ನೂ ಹೇಳುವರು. ಅದು ಮನುಷ್ಯನ ಚರ್ಮಕ್ಕೆ ಸಂಬಂಧಿಸಿದ್ದು. ಗಾಳಿಯು ಇಂಜಿನನ್ನು ಬೇಗ ಆರಿಸೀತೇ ಹೊರತು ಸುತ್ತಣ ವಾಯುವಿನ ಶೈತ್ಯಕ್ಕಿಂತ ಕೆಳಕ್ಕೆ ಇಳಿಸಲಾರದು.

ಕೊಳ್ಳುವಾಗ ಬಣ್ಣವನ್ನು ನೋಡಿ ಮೋಸಹೋಗಬಾರದು. ಹಸಿರು, ಕಿತ್ತಳೆ, ಗುಲಾಬಿ, ನೀಲಿ ಇವೆಲ್ಲ ತಯಾರಕರು ಹಾಕಿದ ಬಣ್ಣಗಳೇ. ಎಲ್ಲರೂ ಒಪ್ಪಿದ ನಿಯಮವು ಇದಕ್ಕಿಲ್ಲ. ಲೋಹವು ತುಕ್ಕು ಹಿಡಿಯದಂತೆ ಸೇರಿಸುವ ರಕ್ಷಕದ್ರವ್ಯಗಳು ಒಂದೊಂದರಲ್ಲಿ ಒಂದೊಂದು ಬಗೆ. ಹೊಂದಿಕೆಯಿಲ್ಲದ ಬಗೆಗಳನ್ನು ಬೆರೆಸಿದರೆ ಆ ರಕ್ಷಣೆಯು ಬೇಗ ಕ್ಷಯಿಸುತ್ತದೆ. ಗಾಡಿಯೊಡನೆ ಬಂದ ಕೈಪಿಡಿಯು ಯಾವುದನ್ನು ವಿಧಿಸಿದೆಯೋ ಅದನ್ನೇ ಕೊಳ್ಳತಕ್ಕದ್ದು. ಡಬ್ಬಿಯೊಳಗಿನದು ನೀರು ಬೆರೆಸಿ ಸಿದ್ಧಪಡಿಸಿದ್ದೋ ಅಥವಾ ಬೆರೆಸಬೇಕಾದ ಮೂಲದ್ರವವೋ ಎಂಬುದನ್ನೂ ಓದಿ ನೋಡಬೇಕು. ಸಿದ್ಧಮಿಶ್ರಣಕ್ಕೆ ಮತ್ತೆ ನೀರು ಹೊಯ್ದರೆ ಅದು ಹಾಲಿನವನ ಬೆರಕೆಯೇ ಆಯಿತು. ಬೆರೆಸುವ ನೀರು ಭಟ್ಟಿಯಿಳಿಸಿದ ಶುದ್ಧೋದಕವಾಗಿರಲಿ. ಗಡಸು ನೀರಾದರೆ ಸ್ನಾನದ ಹಂಡೆಯೊಳಗೆ ಕಟ್ಟುವಂತಹ ಬಿಳಿಯ ಕರೆಯು ಇಂಜಿನಿನ ಸಂದುಗಳಲ್ಲಿಯೂ ಕಟ್ಟಿಕೊಳ್ಳುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಗಾಡಿಯು 8 ಲೀಟರು ಹಿಡಿಯುವುದೆಂದೂ ಅದರಲ್ಲಿ ಸಮಭಾಗದ ಮಿಶ್ರಣವಿದೆಯೆಂದೂ ಇಟ್ಟುಕೊಳ್ಳೋಣ. ಗ್ಲೈಕಾಲ್ 4 ಲೀಟರು ಇದ್ದಂತಾಯಿತು. ನೂರಕ್ಕೆ 60 ಆಗಬೇಕಾದರೆ 4.8 ಲೀಟರು ಬೇಕು. ಕೊರತೆಯು 0.8 ಲೀಟರೆಂದು ಅಷ್ಟನ್ನೇ ತೆಗೆದು ಅಷ್ಟನ್ನೇ ಹೊಯ್ದರೆ ಸಾಲದು. ತೆಗೆದುದರಲ್ಲಿಯೂ ಅರ್ಧವು ಗ್ಲೈಕಾಲೇ ಅಲ್ಲವೆ? ಆದಕಾರಣ 1.6 ಲೀಟರು ಹಳೆಯ ಮಿಶ್ರಣವನ್ನು ತೆಗೆದು 1.6 ಲೀಟರು ಮೂಲದ್ರವವನ್ನು ಹೊಯ್ಯಬೇಕು. ಗಾಡಿಯು ಎಷ್ಟೇ ಹಿಡಿಯಲಿ, ಐದರಲ್ಲೊಂದು ಭಾಗವನ್ನು ಹೀಗೆ ಬದಲಾಯಿಸಿದರೆ 50 ಇದ್ದದ್ದು 60 ಆಗುವುದು. ಈ ಕೆಲಸವನ್ನು ಇಂಜಿನು ಪೂರ್ಣವಾಗಿ ಆರಿದ ಮೇಲೆಯೇ ಮಾಡತಕ್ಕದ್ದು. ಬಿಸಿಯಿರುವಾಗ ಮುಚ್ಚಳವನ್ನು ತೆರೆದರೆ ಕುದಿಯುವ ದ್ರವವು ಮುಖಕ್ಕೆ ಚಿಮ್ಮುತ್ತದೆ. ಬಳಿಕ ಇಂಜಿನನ್ನು ಕಾಯುವವರೆಗೆ ನಡೆಸಿ ದ್ರವವು ಚೆನ್ನಾಗಿ ಬೆರೆಯಲು ಬಿಟ್ಟು, ವಕ್ರೀಭವನಮಾಪಕವೆಂಬ ಕೈಯಳತೆಯ ಯಂತ್ರಕ್ಕೆ ಒಂದು ತೊಟ್ಟನ್ನು ಹಾಕಿ ಪರೀಕ್ಷಿಸಿದರೆ ಸಂಶಯವು ಉಳಿಯದು.

ಕಡೆಯದಾಗಿ ಗೃಹಸ್ಥರೆಲ್ಲರೂ ಮನಸ್ಸಿನಲ್ಲಿಡಬೇಕಾದ ಮಾತೊಂದಿದೆ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳೂ ನಾಯಿ ಬೆಕ್ಕುಗಳೂ ರುಚಿ ಕಂಡು ಕುಡಿದುಬಿಡಬಹುದು. ಮೊದಲು ಅಮಲೇರಿದವರಂತೆ ತೂಗಾಡುತ್ತಾರೆ. ಅನಂತರ ಅದು ದೇಹದೊಳಗೆ ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವನ್ನು ಕೆಡಿಸುತ್ತದೆ. ಪ್ರತ್ಯೌಷಧವು ಇದೆ, ಆದರೆ ಅದು ಬೇಗನೆ ಸಿಕ್ಕಿದವರಿಗೆ ಮಾತ್ರ ಫಲಕಾರಿ. ಆದುದರಿಂದ ಕುಡಿದ ಸಂಶಯ ಬಂದೊಡನೆ, ಲಕ್ಷಣಗಳಿಗಾಗಿ ಕಾಯದೆ, ಆಸ್ಪತ್ರೆಗೆ ಒಯ್ಯಬೇಕು. ಪ್ರೊಪಿಲೀನ್ ಗ್ಲೈಕಾಲ್ ಎಂಬ ಇನ್ನೊಂದು ದ್ರವದ ವಿಷವು ಬಹಳ ಕಡಮೆ. ಸಮಭಾಗ ಮಿಶ್ರಣದಲ್ಲಿ ಅದರ ಶೈತ್ಯರಕ್ಷಣೆಯು ತುಸು ಕಡಮೆಯಾದರೂ, ಗಾಡಿಯ ಕೈಪಿಡಿಯು ಒಪ್ಪಿದರೆ ಮಕ್ಕಳಿರುವ ಮನೆಗೆ ಅದು ವಿಚಾರಾರ್ಹ.

ಗಾಡಿಯಿಂದ ತೆಗೆದ ಹಳೆಯ ದ್ರವವನ್ನು ಬೋಗುಣಿಯಲ್ಲಿಟ್ಟು ಮರೆಯಬೇಡಿ, ಚರಂಡಿಗೆ ಚೆಲ್ಲಬೇಡಿ, ಕುಡಿಯುವ ನೀರಿನ ಸೀಸೆಯಲ್ಲಂತೂ ಎಂದಿಗೂ ತುಂಬಿಡಬೇಡಿ. ಹೆಸರು ಬರೆದು, ಬಿರಡೆ ಬಿಗಿದು, ಮಗುವಿನ ಕೈಗೆಟುಕದ ಎತ್ತರದಲ್ಲಿಡಿ. ಅದನ್ನು ಸ್ವೀಕರಿಸುವ ಸ್ಥಳಕ್ಕೆ ಒಪ್ಪಿಸುವವರೆಗೆ ಕೆಲಸ ಮುಗಿಯಿತೆಂದು ಎಣಿಸಬೇಡಿ.