ಕೋಶ ಓದಿ ದೇಶ ಸುತ್ತಬೇಕು

“ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು” ಎಂಬುದು ಹಿರಿಯರ ನುಡಿ. ಯೆಹೂದ್ಯರ ನರಮೇಧ ನಡೆದ ನೆಲವನ್ನು ನೋಡಹೊರಟ ವಿದ್ಯಾರ್ಥಿಗೆ ಎರಡೂ ಬೇಕು.

ಪೋಲೆಂಡಿನ ಆಷ್‌ವಿಟ್ಸ್ ಶಿಬಿರದಲ್ಲಿ 1940ರಿಂದ 1945ರ ನಡುವೆ ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದರು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯೆಹೂದ್ಯರು. 1947ರಲ್ಲಿ ಆ ಶಿಬಿರ ಸ್ಮಾರಕವಾಯಿತು. ಬ್ರಿಟನ್ನಿನ ಹೋಲೊಕಾಸ್ಟ್ ಎಜುಕೇಷನಲ್ ಟ್ರಸ್ಟ್ 1999ರಲ್ಲಿ ಆರಂಭಿಸಿದ ಯೋಜನೆಯು 16ರಿಂದ 18 ವಯಸ್ಸಿನ ಸಾವಿರಾರು ವಿದ್ಯಾರ್ಥಿಗಳನ್ನು ಒಂದು ದಿನದ ಮಟ್ಟಿಗೆ ಅಲ್ಲಿಗೆ ಕರೆದೊಯ್ದಿದೆ.

ಒಂದು ದಿನದಲ್ಲಿ ಏನು ತಿಳಿದೀತು ಎಂದು ಕೆಲವರು ಆಕ್ಷೇಪಿಸುತ್ತಾರೆ. ಬರಿದೇ ನೋಡಿ ಬಂದರೆ ಆ ಆಕ್ಷೇಪ ನಿಜವೇ ಸರಿ. ಆದರೆ ಈ ಯೋಜನೆಯಲ್ಲಿ ಹೊರಡುವ ಮುನ್ನ ಪಾಠವುಂಟು, ಮರಳಿದ ಮೇಲೆ ಚರ್ಚೆಯುಂಟು, ತಮ್ಮ ಶಾಲೆಯವರಿಗೆ ತಿಳಿಸಿ ಹೇಳುವ ಹೊಣೆಯೂ ಉಂಟು. ಪ್ರವಾಸದ ಜೀವ ಇರುವುದು ಇಲ್ಲಿಯೇ.

ಇನ್ನೊಂದು ಮಾತು. ಶಿಬಿರದ ಪಕ್ಕದ ಓಶ್‌ವೆಂಚಿಮ್ ಪಟ್ಟಣದಲ್ಲಿ ಯುದ್ಧಕ್ಕೆ ಮೊದಲು ಅರ್ಧಕ್ಕಿಂತ ಹೆಚ್ಚು ಜನ ಯೆಹೂದ್ಯರೇ ಇದ್ದರು. ಅವರದೊಂದು ಪ್ರಾರ್ಥನಾಮಂದಿರ ಇಂದಿಗೂ ಉಳಿದಿದೆ. ಮೊದಲು ಅದನ್ನು ತೋರಿಸಬೇಕು. ಜನ ಹೇಗೆ ಬಾಳಿದರೆಂದು ಅರಿತವನಿಗೆ, ಶಿಬಿರದಲ್ಲಿ ರಾಶಿಬಿದ್ದ ಪಾದರಕ್ಷೆಗಳೂ ಹೆಸರು ಬರೆದ ಪೆಟ್ಟಿಗೆಗಳೂ ಯಾರದೋ ಮನೆಯವಾಗಿ ಕಾಣುತ್ತವೆ. ಅರಿಯದವನಿಗೆ ಅವು ಬರಿಯ ವಸ್ತುಗಳು.

ಕಣ್ಣೀರು ಬಂತೇ ಎಂಬುದು ಪ್ರವಾಸದ ಒರೆಗಲ್ಲಲ್ಲ. ರೈಲು ನಡೆಸಿದವರು, ಪಟ್ಟಿ ಬರೆದ ಗುಮಾಸ್ತರು, ಕಂಡೂ ಸುಮ್ಮನಿದ್ದ ನೆರೆಯವರು ನಮ್ಮಂಥವರೇ ಅಲ್ಲವೆ ಎಂಬ ಪ್ರಶ್ನೆ ಹೊತ್ತು ಮರಳಬೇಕು. ಬದುಕುಳಿದು ಸಾಕ್ಷಿ ನುಡಿದವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಇನ್ನು ಆ ಹೊಣೆ ಕೇಳಿ ಬಂದವರದು.