ಹುಟ್ಟದ ಆಟಕ್ಕೆ ಕರತಾಡನ

ವಿಡಿಯೋ ಗೇಮ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮ ಶಾಲೆಯ ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ. ಅದರಿಂದ ಕಣ್ಣು ಕೆಡುತ್ತದೆ, ಪಾಠ ಕೆಡುತ್ತದೆ, ನಿದ್ದೆ ಕೆಡುತ್ತದೆ ಎಂಬ ಅವರ ಮಾತನ್ನು ನೀವು ಮನೆಯಲ್ಲಿಯೂ ಕೇಳಿದ್ದೀರಿ, ಪ್ರಾರ್ಥನೆಯ ವೇಳೆಯಲ್ಲಿಯೂ ಕೇಳಿದ್ದೀರಿ. ನಾವು ಆ ವಾದಕ್ಕೆ ಇಳಿಯುವವರಲ್ಲ. ನಾವೂ ಆಡಿದವರೇ, ರವಿವಾರ ಬಿಡುವು ದೊರೆತರೆ ಈಗಲೂ ಆಡುವವರೇ. ಆಡುವ ಮಾತು ಹಾಗಿರಲಿ. ಆಟವು ಬರುವ ಮುನ್ನವೇ, ಬರಲಿದೆ ಎಂಬ ಘೋಷಣೆಯನ್ನು ಕೇಳಿಯೇ ಕುಣಿದಾಡುವ ಒಂದು ಪದ್ಧತಿ ಇದೆಯಲ್ಲ, ಅದನ್ನು ಕುರಿತು ವಿದ್ಯಾರ್ಥಿ ಮಿತ್ರರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಮಧ್ಯಾಹ್ನದ ವಿರಾಮದಲ್ಲಿ ನಿಮ್ಮ ಗುಂಪುಗಳ ಬಳಿ ಸುಳಿಯುವಾಗ ನಮಗೆ ಕೇಳಿಬರುವ ಮಾತುಗಳಲ್ಲಿ ಅರ್ಧಕ್ಕರ್ಧ ಕೈಯಲ್ಲಿರುವ ಆಟದ ಮಾತಲ್ಲ, ಇನ್ನೂ ಬಾರದ ಆಟದ ಮಾತು.

ಈ ಪದ್ಧತಿಗೊಂದು ಚರಿತ್ರೆಯುಂಟು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1995ರ ಮೇ ತಿಂಗಳಿನಲ್ಲಿ ವಿಡಿಯೋ ಗೇಮ್ ಉದ್ಯಮದವರು ತಮ್ಮದೇ ಆದ ವ್ಯಾಪಾರ ಮೇಳವೊಂದನ್ನು ಮೊದಲ ಬಾರಿಗೆ ನೆರೆಯಿಸಿದರು. ಎಲೆಕ್ಟ್ರಾನಿಕ್ ಎಂಟರ್‌ಟೇನ್‌ಮೆಂಟ್ ಎಕ್ಸ್‌ಪೋ ಎಂಬ ಅದರ ಉದ್ದನೆಯ ಹೆಸರನ್ನು ಲೋಕವು ಇ-3 ಎಂದು ಮೊಟಕುಗೊಳಿಸಿಕೊಂಡಿತು. ಮೂಲದಲ್ಲಿ ಅದು ಆಡುವವರ ಜಾತ್ರೆಯಲ್ಲ. ಮಾಡುವವರೂ ಮಾರುವವರೂ ಕೂಡುವ ಸಂತೆ. ಯಾವ ಸರಕನ್ನು ಎಷ್ಟು ತರಿಸಬೇಕೆಂದು ವರ್ತಕರು ಅಲ್ಲಿ ನೋಡಿ ನಿಶ್ಚಯಿಸುತ್ತಿದ್ದರು. ಪತ್ರಕರ್ತರು ವರದಿ ಬರೆಯುತ್ತಿದ್ದರು. ಸಾರ್ವಜನಿಕರಿಗೆಂದು ಟಿಕೆಟು ಮಾರಿದ್ದು ಬಹುಕಾಲದ ಮೇಲೆ, 2017ರಲ್ಲಿ. ಮೊದಲ ವರ್ಷದ ಒಂದು ಪ್ರಸಂಗವನ್ನು ಆಟಗಾರರು ಇಂದಿಗೂ ಪುರಾಣದ ಕಥೆಯಂತೆ ಹೇಳಿಕೊಳ್ಳುತ್ತಾರೆ. ಸೇಗಾ ಕಂಪನಿಯವರು ತಮ್ಮ ಸ್ಯಾಟರ್ನ್ ಯಂತ್ರದ ಬೆಲೆ 399 ಡಾಲರು ಎಂದೂ, ಸೆಪ್ಟೆಂಬರಿನಲ್ಲಿ ಬರಬೇಕಾಗಿದ್ದ ಅದು ಆಗಲೇ ಕೆಲವು ಅಂಗಡಿಗಳನ್ನು ಸೇರಿದೆಯೆಂದೂ ಸಾರಿದರು. ಸೋನಿ ಕಂಪನಿಯ ಸರದಿ ಬಂದಾಗ ಸ್ಟೀವ್ ರೇಸ್ ಎಂಬವರು ವೇದಿಕೆಯೇರಿ, ತಮ್ಮ ಪ್ಲೇಸ್ಟೇಷನ್ನಿನ ಬೆಲೆಯಾದ '299' ಎಂಬ ಸಂಖ್ಯೆಯನ್ನಷ್ಟೇ ನುಡಿದು ಕೆಳಗಿಳಿದರು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಮ್ಮ ವಾರ್ಷಿಕೋತ್ಸವಕ್ಕೆ ದಯಮಾಡಿಸುವ ಅತಿಥಿಗಳು ಈ ಭಾಷಣವನ್ನು ಗಮನಕ್ಕೆ ತಂದುಕೊಂಡರೆ ನೀವೂ ಸಂತೋಷಪಡುವಿರೆಂದು ಬಲ್ಲೆವು.

ಆ ಚಪ್ಪಾಳೆಯಲ್ಲಿ ನಮಗೆ ಯಾವ ದೋಷವೂ ಕಾಣುವುದಿಲ್ಲ. ನೂರು ಡಾಲರಿನ ಅಂತರವು ಎಣಿಸಿ ನೋಡಬಹುದಾದ ಅಂತರ. ಆಟಗಾರರು ಬಾಯಿಬಿಟ್ಟು ಹೇಳಿದರೆ ಕಂಪನಿಗಳು ಕೇಳುತ್ತವೆ ಎಂಬುದಕ್ಕೆ 2013ರ ಜೂನ್ ತಿಂಗಳು ಸಾಕ್ಷಿ. ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೆ ಕೆಲವು ಕಟ್ಟಳೆಗಳನ್ನು ವಿಧಿಸಹೊರಟಿತ್ತು. ಯಂತ್ರವು ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿನ ಮೂಲಕ ಕಂಪನಿಯನ್ನು ಕಂಡು ಬರಬೇಕು. ಹಣ ತೆತ್ತು ಕೊಂಡ ಡಿಸ್ಕನ್ನು ಗೆಳೆಯನಿಗೆ ಎರವಲು ಕೊಡುವುದಕ್ಕೂ, ಆಡಿ ಮುಗಿಸಿ ಮಾರುವುದಕ್ಕೂ ನಿರ್ಬಂಧ. ಬೆಲೆ 499 ಡಾಲರು. ಜೂನ್ 10ರ ಸಂಜೆ ಸೋನಿಯವರು ತಮ್ಮ ಪ್ಲೇಸ್ಟೇಷನ್ 4ಕ್ಕೆ ಅಂತಹ ಕಟ್ಟಳೆ ಯಾವುದೂ ಇಲ್ಲವೆಂದು ಇ-3ರ ವೇದಿಕೆಯಿಂದ ಸಾರಿ, ಬೆಲೆ 399 ಡಾಲರು ಎಂದರು. ಆಟವನ್ನು ಎರವಲು ಕೊಡುವ ವಿಧಾನವನ್ನು ಕಲಿಸುವ ಒಂದು ಪುಟ್ಟ ಚಿತ್ರವನ್ನೂ ಹೊರಡಿಸಿದರು: ಒಬ್ಬರು ಡಿಸ್ಕಿನ ಡಬ್ಬಿಯನ್ನು ಚಾಚುತ್ತಾರೆ, ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ಪಾಠ ಮುಗಿಯಿತು.

ನಮ್ಮಲ್ಲಿ ಆಗ 11ರ ಬೆಳಗು. ಈ ನಗರದ ಒಂದು ಬಾಡಿಗೆಯ ಕೋಣೆಯಲ್ಲಿ ನಾವು ನಾಲ್ವರು ಗೆಳೆಯರು ಒಂದೇ ಕಂಪ್ಯೂಟರಿನ ಮುಂದೆ ನೆರೆದು, ಅಡಿಗಡಿಗೆ ನಿಂತುಹೋಗುವ ಪ್ರಸಾರವನ್ನು ಶಪಿಸುತ್ತ ಅದನ್ನು ನೋಡುತ್ತಿದ್ದೆವು. 399 ಎಂದೊಡನೆ ಎದ್ದ ನಮ್ಮ ಕೂಗಿಗೆ ಪಕ್ಕದ ಕೋಣೆಯವರು ಗೋಡೆ ಗುದ್ದಿದರು. ಒಂಬತ್ತು ದಿನಗಳ ತರುವಾಯ, ಜೂನ್ 19ರಂದು, ಮೈಕ್ರೋಸಾಫ್ಟ್ ತನ್ನ ಕಟ್ಟಳೆಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟು ದೊಡ್ಡ ಸಂಸ್ಥೆ ಅಷ್ಟು ಬೇಗ ಬಾಗಿದ್ದು ಕೊಳ್ಳುವವರ ಅಸಮ್ಮತಿಯಿಂದಲೇ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಅದೇ ಬೆಳಗಿನ ಜಮಾಖರ್ಚಿನಲ್ಲಿ ಇನ್ನೆರಡು ಬಾಬುಗಳಿವೆ. ಅದುವರೆಗೆ ಪ್ಲೇಸ್ಟೇಷನ್ 3ರಲ್ಲಿ ದೂರದ ಗೆಳೆಯರೊಡನೆ ಇಂಟರ್‌ನೆಟ್ಟಿನಲ್ಲಿ ಆಡುವುದಕ್ಕೆ ಸೋನಿಯವರಿಗೆ ಕೊಡಬೇಕಾದ ಶುಲ್ಕವಿರಲಿಲ್ಲ. ಹೊಸ ಯಂತ್ರದಲ್ಲಿ ಬಹುತೇಕ ಆಟಗಳನ್ನು ಹಾಗೆ ಆಡಬೇಕಾದರೆ ಪ್ಲಸ್ ಎಂಬ ಸದಸ್ಯತ್ವವನ್ನು ಹಣ ಕೊಟ್ಟು ಪಡೆಯಬೇಕೆಂಬ ಸಂಗತಿಯೂ ಅದೇ ಸಭೆಯಲ್ಲಿ ಹೊರಬಿತ್ತು. ಹರ್ಷೋದ್ಗಾರದ ನಡುವೆ ಅದು ಎಷ್ಟು ಜನರ ಕಿವಿಗೆ ಬಿದ್ದೀತು? ಎರಡನೆಯ ಬಾಬು ನಮ್ಮದೇ. ಆ ಯಂತ್ರವು ಭಾರತಕ್ಕೆ 2014ರ ಜನವರಿಯಲ್ಲಿ ಬಂದಾಗ ಅದರ ಬೆಲೆ 39,990 ರೂಪಾಯಿ. ಅಂದಿನ ವಿನಿಮಯದ ದರದಲ್ಲಿ 399 ಡಾಲರೆಂದರೆ ಇಪ್ಪತ್ತೈದು ಸಾವಿರ ರೂಪಾಯಿಯನ್ನು ಮೀರುತ್ತಿರಲಿಲ್ಲ. ಸುಂಕವೋ, ತೆರಿಗೆಯೋ, ವ್ಯಾಪಾರದ ಲಾಭವೋ, ಯಾವುದು ಎಷ್ಟಾದರೂ ಇರಲಿ. ಮುಂಬಯಿಯ ಹುಡುಗನ ಪಾಲಿಗೆ 399 ಎಂಬ ಸಂಖ್ಯೆ ಎಂದೂ ಇರಲೇ ಇಲ್ಲ. ಲಾಸ್ ಏಂಜಲೀಸಿನ ಸಭಿಕರು ತಮ್ಮ ಜೇಬಿನ ಲೆಕ್ಕದಲ್ಲಿ ಸಂಭ್ರಮಿಸಿದರು. ನಾವು ಅವರ ಜೇಬಿನ ಲೆಕ್ಕದಲ್ಲಿ ಸಂಭ್ರಮಿಸಿದೆವು. ನಿಮ್ಮಲ್ಲಿ ಅನೇಕರ ತಂದೆಯವರು ಹೋಟೆಲಿನ ಗಲ್ಲಾದ ಹಿಂದೆಯೋ ಕಾರ್ಖಾನೆಯ ಪಾಳಿಯಲ್ಲಿಯೋ ದುಡಿಯುವವರು. ನಲವತ್ತು ಸಾವಿರವೆಂದರೆ ಎಷ್ಟೆಂದು ಅವರನ್ನು ಕೇಳಿ ತಿಳಿಯಬೇಕಾದ್ದಿಲ್ಲ.

ಬೆಲೆ ಹೇಗೂ ಒಂದು ಅಂಕಿ. ತೋರಿಸಿದ ವಸ್ತುವೇ ಇಲ್ಲದಾಗ ಏನು ಮಾಡೋಣ? 2005ರ ಮೇಳದ ಸಂದರ್ಭದಲ್ಲಿ ಸೋನಿಯವರು ಕಿಲ್‌ಝೋನ್ ಎಂಬ ಯುದ್ಧದ ಆಟದ ಮುಂದಿನ ಭಾಗವೆಂದು ಒಂದು ಚಿತ್ರವನ್ನು ತೋರಿಸಿದರು. ನೋಡಿದವರು ಬೆರಗಾದರು. ಅದು ಯಂತ್ರದಲ್ಲಿ ಓಡುತ್ತಿದ್ದ ಆಟವಲ್ಲ, ಆಟ ಹೀಗಿರಬೇಕೆಂದು ಮೊದಲೇ ಸಿದ್ಧಪಡಿಸಿಟ್ಟ ಚಿತ್ರವೆಂಬುದು ಆಮೇಲೆ ತಿಳಿಯಿತು. ಆಟ ಬಂದದ್ದು 2009ರಲ್ಲಿ. ಅದು ಒಳ್ಳೆಯ ಆಟವೇ ಆಗಿತ್ತೆನ್ನಿ. ಆದರೂ 2005ರಲ್ಲಿ ಬೆರಗಾದವರು ಬೆರಗಾದದ್ದು ಆಟಕ್ಕಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಕಾತರವೇ ತಪ್ಪೆಂದು ನಾವು ಹೇಳಹೊರಟಿಲ್ಲ. 1997ರಲ್ಲಿ ಬಂದ ಫೈನಲ್ ಫ್ಯಾಂಟಸಿ 7 ಎಂಬ ಜಪಾನಿನ ಆಟವನ್ನು ಎಳವೆಯಲ್ಲಿ ಆಡಿದವರು, ಅದು ಹೊಸ ರೂಪದಲ್ಲಿ ಬರಲೆಂದು ವರ್ಷಗಟ್ಟಲೆ ಹಂಬಲಿಸುತ್ತಿದ್ದರು. 2015ರ ಮೇಳದಲ್ಲಿ ಆ ಘೋಷಣೆಯಾದಾಗ ಬೆಳೆದ ಗಂಡಸರು ಕಣ್ಣೀರಿಟ್ಟರು. ಹೀಗೆ ಘೋಷಣೆಯನ್ನು ನೋಡುತ್ತಿರುವ ತಮ್ಮ ಮುಖವನ್ನೇ ಚಿತ್ರೀಕರಿಸಿ ಲೋಕಕ್ಕೆ ತೋರಿಸುವುದು ಆ ವೇಳೆಗೆ ಒಂದು ರೂಢಿಯಾಗಿತ್ತು. ನಮ್ಮ ಸಹೋದ್ಯೋಗಿಯೊಬ್ಬರು ಅಂಥದೊಂದನ್ನು ನೋಡಿ, 'ಇದೇನು ಹುಚ್ಚು?' ಎಂದರು. ನಾವು ಒಪ್ಪಲಿಲ್ಲ. ಊರಿನ ಮನೆಯಂಗಳ ಮತ್ತೆ ಕಾಣಸಿಗುತ್ತದೆಂದರೆ ಅವರ ಕಣ್ಣು ಒದ್ದೆಯಾಗದೆ? ಆಟವೂ ಒಬ್ಬನ ಬಾಲ್ಯದ ಅಂಗಳವಾಗಬಹುದು. ಆದರೆ ಆ ಆಟ ಕೈಸೇರಿದ್ದು 2020ರ ಏಪ್ರಿಲಿನಲ್ಲಿ. ಅದೂ ಕಥೆಯ ಮೊದಲ ಭಾಗ ಮಾತ್ರ. ಎರಡನೆಯ ಭಾಗಕ್ಕೆ 2024ರ ಫೆಬ್ರವರಿಯವರೆಗೆ ಕಾಯಬೇಕಾಯಿತು. 2015ರಲ್ಲಿ ಹತ್ತನೆಯ ಇಯತ್ತೆಯಲ್ಲಿದ್ದು ಕುಣಿದ ಹುಡುಗನಿಗೆ ಅಷ್ಟರಲ್ಲಿ ಮದುವೆಯಾಗಿದ್ದರೂ ಆಶ್ಚರ್ಯವಿಲ್ಲ.

ಕಾತರಕ್ಕೆ ಹಣ ಅಂಟಿಕೊಂಡಾಗ ಮಾತ್ರ ನಮ್ಮ ತಕರಾರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂದು ನಮ್ಮ ಹಿರಿಯರು ನಗುತ್ತಿದ್ದರು. ಈಗಿನ ಕಾಲದಲ್ಲಿ ಅದಕ್ಕೆ ಪ್ರಿ-ಆರ್ಡರ್ ಎಂದು ಹೆಸರು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಎಂಬ ಸಂಸ್ಥೆ ಸೈಬರ್‌ಪಂಕ್ 2077 ಎಂಬ ಆಟವನ್ನು ಸಿದ್ಧಪಡಿಸುತ್ತಿತ್ತು. 2019ರ ಮೇಳದಲ್ಲಿ ಚಿತ್ರನಟ ಕಿಯಾನು ರೀವ್ಸ್ ಸ್ವತಃ ವೇದಿಕೆಗೆ ಬಂದು ಅದನ್ನು ಹೊಗಳಿದರು. ಸಭೆಗೆ ಸಭೆಯೇ ಹುಚ್ಚೆದ್ದಿತು. 2020ರ ಏಪ್ರಿಲ್ 16ಕ್ಕೆ ಬರುವುದೆಂದ ಆಟ ಮುಂದೆ ಮುಂದೆ ಹೋಗಿ ಡಿಸೆಂಬರ್ 10ಕ್ಕೆ ಬಂತು. ಅಷ್ಟರಲ್ಲಿ ಮುಂಗಡವಾಗಿ ಹೋದ ಪ್ರತಿಗಳು 80 ಲಕ್ಷವೆಂದು ಸಂಸ್ಥೆಯೇ ತಿಳಿಸಿತು. ಹಳೆಯ ಯಂತ್ರಗಳಲ್ಲಿ ಆ ಆಟ ಕುಂಟಿತು, ನಡುನಡುವೆ ನಿಂತೇಹೋಯಿತು. ಬಂದು ವಾರವೊಂದು ಕಳೆಯುವಷ್ಟರಲ್ಲಿ ಸೋನಿಯವರು ಅದನ್ನು ತಮ್ಮ ಮಳಿಗೆಯಿಂದಲೇ ತೆಗೆದುಹಾಕಿ, ಕೇಳಿದವರಿಗೆ ಹಣ ಮರಳಿಸತೊಡಗಿದರು. ಮರಳಿ ಮಳಿಗೆಗೆ ಬಂದದ್ದು 2021ರ ಜೂನಿನಲ್ಲಿ. ಅನಂತರ ಸಂಸ್ಥೆಯವರು ಛಲದಿಂದ ದುಡಿದು, 2023ರ ಹೊತ್ತಿಗೆ ಅದನ್ನು ಮೆಚ್ಚುವಂಥ ಆಟವನ್ನಾಗಿ ಮಾಡಿದರೆಂಬುದನ್ನೂ ಹೇಳಬೇಕು. ಎಂದರೆ, ಕಾದು ಕೊಂಡವನಿಗೆ ಕಡಿಮೆ ಬೆಲೆಗೆ ಹೆಚ್ಚು ಚೆನ್ನಾದ ಆಟ ದೊರೆಯಿತು. ಮೊದಲು ನಂಬಿದವನಿಗೆ ದೊರೆತದ್ದು ಮುರುಕಲು.

ಮುಂಗಡ ಕೊಡದಿದ್ದರೆ ಪ್ರತಿ ಸಿಗದೆಂಬ ಭಯಕ್ಕೆ ಹಿಂದೆ ಕಾರಣವಿತ್ತು. ಅಂಗಡಿಯಲ್ಲಿ ಡಬ್ಬಿಗಳು ತೀರಿಹೋಗುತ್ತಿದ್ದವು. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ಆಟ ತೀರಿಹೋಗುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಒಂಬತ್ತನೆಯ ಇಯತ್ತೆಯ ಮೇಧಾವಿಗಳಲ್ಲಿ ಒಬ್ಬರೂ ಈವರೆಗೆ ಉತ್ತರ ಹೇಳಿಲ್ಲ.

ಯಕ್ಷಗಾನವನ್ನು ನೋಡಿದವರಿಗೆ ಒಡ್ಡೋಲಗದ ಸೊಗಸು ಗೊತ್ತು. ಇಬ್ಬರು ತೆರೆಯನ್ನು ಹಿಡಿದಿರುತ್ತಾರೆ, ಅದರ ಮೇಲೆ ಕಿರೀಟದ ತುದಿಯಷ್ಟೇ ಕಾಣುತ್ತದೆ, ಚಂಡೆ ಏರುತ್ತದೆ, ಮಕ್ಕಳು ಚಾಪೆಯಿಂದ ಎದ್ದು ನಿಲ್ಲುತ್ತಾರೆ. ಟ್ರೇಲರಿನ ಕಲೆಯೂ ಇದೇ, ಮತ್ತು ಅದು ಕಲೆಯೆಂಬುದನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ನಮ್ಮ ಆಟದಲ್ಲಿ ತೆರೆ ಸರಿದ ಮೇಲೆ ವೇಷಧಾರಿ ಅಲ್ಲಿಯೇ, ಆ ರಾತ್ರಿಯೇ, ಬೆಳಗಾಗುವ ತನಕ ಕುಣಿದು ಮಾತಾಡಿ ತೋರಿಸಬೇಕು. ಕಿರೀಟವನ್ನು ತೋರಿಸಿ, ವೇಷ ಐದು ವರ್ಷಗಳ ಬಳಿಕ ಬರುವುದು, ಚೀಟಿಯ ಹಣ ಈಗಲೇ ಕೊಡಿ ಎಂದ ಮೇಳವನ್ನು ನಮ್ಮ ಜನರು ಊರಿನಿಂದ ಓಡಿಸುತ್ತಿದ್ದರು.

ಇ-3 ಮೇಳ ಈಗ ಇಲ್ಲ. 2020ರಲ್ಲಿ ಸಾಂಕ್ರಾಮಿಕದಿಂದ ನಿಂತು, 2021ರಲ್ಲಿ ಇಂಟರ್‌ನೆಟ್ಟಿನಲ್ಲಿ ಮಾತ್ರ ನಡೆದು, ಮತ್ತೆರಡು ವರ್ಷ ರದ್ದಾಗಿ, 2023ರ ಡಿಸೆಂಬರ್ 12ರಂದು ಶಾಶ್ವತವಾಗಿ ಮುಗಿಯಿತೆಂದು ಅದರ ವ್ಯವಸ್ಥಾಪಕರು ಪ್ರಕಟಿಸಿದರು. ಹಾಗೆಂದು ಘೋಷಣೆಗಳು ನಿಲ್ಲಲಿಲ್ಲ. ಕಂಪನಿಗಳು ತಮ್ಮ ತಮ್ಮ ಪ್ರಸಾರಗಳನ್ನು ನೇರವಾಗಿ ನಿಮ್ಮ ಮೊಬೈಲಿಗೇ ಕಳುಹಿಸುತ್ತಿವೆ. ಇವುಗಳಲ್ಲಿ ಅನೇಕವು ಸಭೆಯೇ ಇಲ್ಲದೆ ಮೊದಲೇ ಚಿತ್ರೀಕರಿಸಿಟ್ಟವು. ವೇದಿಕೆಯಲ್ಲಿ ಯಂತ್ರ ಕೈಕೊಟ್ಟು ಬೆವರೊರೆಸಿಕೊಳ್ಳುವ ವಕ್ತಾರರಿಲ್ಲ, ಮೌನವಾಗಿ ಕುಳಿತು ಅಸಮ್ಮತಿ ತೋರಿಸುವ ಸಭಿಕರಿಲ್ಲ. ಅದರಿಂದ ಕೇಳಬೇಕಾದ ಪ್ರಶ್ನೆಗಳೆಲ್ಲ ಮನೆಯಲ್ಲಿ ಕುಳಿತು ನೋಡುವ ನಿಮ್ಮ ಪಾಲಿಗೇ ಬಂದಿವೆ.

ಈ ವರ್ಷ ಎಂಟನೆಯ ಇಯತ್ತೆಯ ಕೆಲವರು ನಮ್ಮ ಸಲಹೆಯಂತೆ ಒಂದು ನೋಟುಬುಕ್ಕನ್ನು ಇಟ್ಟಿದ್ದಾರೆ. ಘೋಷಣೆಯಾದ ದಿನ, ತೋರಿಸಿದ್ದು ಆಟವೋ ಬರಿಯ ಚಿತ್ರವೋ, ಬರುವುದೆಂದ ದಿನ, ಬಂದ ದಿನ, ರೂಪಾಯಿಯಲ್ಲಿ ಬೆಲೆ: ಇವಿಷ್ಟು ಅಂಕಣಗಳು. ಹಳೆಯ ಲೆಕ್ಕದಿಂದ ಆರಂಭಿಸೋಣವೆಂದು ಮೊದಲ ಸಾಲಿನಲ್ಲಿ ನಿಂಟೆಂಡೊ ಕಂಪನಿಯ ಮೆಟ್ರಾಯ್ಡ್ ಪ್ರೈಮ್ 4 ಅನ್ನು ಬರೆದಿದ್ದಾರೆ. ಘೋಷಣೆ 2017ರ ಜೂನ್. 2019ರ ಜನವರಿಯಲ್ಲಿ ಕೆಲಸವನ್ನು ಮೊದಲಿನಿಂದ ಆರಂಭಿಸಿದ ಪ್ರಕಟಣೆ. ಬಂದದ್ದು 2025ರ ಡಿಸೆಂಬರ್. ತೋರಿಸಿದ್ದೇನು ಎಂಬ ಅಂಕಣದಲ್ಲಿ 'ಹೆಸರು ಮತ್ತು ಸಂಖ್ಯೆ' ಎಂದು ದುಂಡನೆಯ ಅಕ್ಷರಗಳಲ್ಲಿ ಬರೆದಿದೆ. ಪುಸ್ತಕವು ಗ್ರಂಥಾಲಯದ ಮೇಜಿನ ಮೇಲಿರುತ್ತದೆ. ಪುಟಗಳು ಇನ್ನೂ ಬಹಳ ಉಳಿದಿವೆ. ಬೇರೆ ಇಯತ್ತೆಯವರೂ ಬಂದು ಬರೆಯಬಹುದು. ಶಾಯಿಯಲ್ಲಿ ಬರೆಯಬೇಕು, ಪೆನ್ಸಿಲಿನಲ್ಲಿ ಬೇಡ.